ಉಭಯೇಂಧನ ಮೀಮಾಂಸೆ

ವಿಷಯ ಪ್ರವೇಶ

ಕೋಟಿಗಟ್ಟಲೆ ಸುರಿದು ಕಾರು ಕೊಳ್ಳುವವನು ‘ಮೈಲೇಜ್ ಎಷ್ಟು ಕೊಡುತ್ತೆ?’ ಎಂದು ಕೇಳುವುದಿಲ್ಲ. ಹಾಗೆ ಕೇಳುವುದು ನಮ್ಮ ನಿಮ್ಮಂಥ ಸಾಲಗಾರರ ಲಕ್ಷಣ. ಹೀಗಿದ್ದೂ ಅಂಥ ಕಾರುಗಳಿಗೆ ಪೆಟ್ರೋಲ್ ಉಳಿಸುವ ಮೋಟಾರನ್ನೂ ಬ್ಯಾಟರಿಯನ್ನೂ ಕೂರಿಸಲಾಗುತ್ತಿದೆ. ಉಳಿತಾಯ ಬೇಡದವನಿಗೇ ಉಳಿತಾಯವನ್ನು ಮಾರುವುದೇಕೆ? ಈ ಗಹನ ಪ್ರಶ್ನೆಯನ್ನು ಪೂರ್ವಸೂರಿಗಳು ಎತ್ತಿಲ್ಲ. ಅವರ ರಥಗಳಿಗೆ ಹುರುಳಿ ಸಾಕಾಗಿತ್ತು. ಆ ಲೋಪವನ್ನು ತುಂಬುವುದೇ ಈ ಪ್ರಬಂಧದ ಪ್ರಯೋಜನ.

ಲಕ್ಷಣ ಪ್ರಕರಣ

ಎಂಜಿನ್ನೂ ಮೋಟಾರೂ ಒಂದೇ ಸಂಸಾರದಲ್ಲಿ ಬಾಳುವ ವಾಹನವೇ ಹೈಬ್ರಿಡ್. ಬ್ರೇಕ್ ಒತ್ತಿದಾಗ ಬರೀ ಶಾಖವಾಗಿ ಹಾಳಾಗಬೇಕಿದ್ದ ಶಕ್ತಿಯನ್ನು ಮೋಟಾರು ಹಿಡಿದು ಬ್ಯಾಟರಿಗೆ ಜಮೆ ಮಾಡುತ್ತದೆ. ಗಾಡಿ ಮತ್ತೆ ಕದಲುವಾಗ ಅದನ್ನೇ ತೆಗೆದು ಖರ್ಚಿಗೆ ಕೊಡುತ್ತದೆ. ಉಭಯೇಂಧನ ವಿದ್ಯೆ ಹೊಸದೇನಲ್ಲ. 1900ರ ಹೊತ್ತಿಗೇ ಫರ್ಡಿನಾಂಡ್ ಪೋರ್ಷೆ ಚಕ್ರದ ಗುಂಬದಲ್ಲೇ ಮೋಟಾರು ಇಟ್ಟು, ಪೆಟ್ರೋಲ್ ಎಂಜಿನ್ನಿನಿಂದ ಹುಟ್ಟಿಸಿದ ಕರೆಂಟಿನಲ್ಲಿ ಗಾಡಿ ಓಡಿಸಿದ್ದ. 1997ರಲ್ಲಿ ಟೊಯೊಟಾ ಪ್ರಿಯಸ್ ಬಂದು ಅದನ್ನು ಜಿಪುಣರಿಗೆ ಭೂಷಣವಾಗಿಸಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಜಿಪುಣತನ ಶ್ರೀಮಂತರ ಗೇಟು ದಾಟಿತು. 2007ರ ಲೆಕ್ಸಸ್ ಎಲ್‌ಎಸ್ 600ಎಚ್ ಕಾರಿನಲ್ಲಿ 5 ಲೀಟರಿನ ವಿ8 ಎಂಜಿನ್ನಿಗೆ ಮೋಟಾರು ಜೊತೆಯಾಯಿತು. ಇಬ್ಬರೂ ಸೇರಿದರೆ 6 ಲೀಟರಿನ ಎಂಜಿನ್ನಿಗೆ ಸಮ ಎಂಬ ಹೆಮ್ಮೆಗೇ ಹೆಸರಿನಲ್ಲಿ 600 ಬಂದದ್ದು. ಏಕಾದಶಿ ಉಪವಾಸಕ್ಕೆಂದು ಉಪ್ಪಿಟ್ಟು, ಅವಲಕ್ಕಿ, ಸಜ್ಜಿಗೆ, ಮೇಲೊಂದು ಬಾಳೆಹಣ್ಣಿನ ರಸಾಯನ ಮಾಡಿಕೊಳ್ಳುವ ನಮ್ಮ ವ್ರತನಿಷ್ಠೆಗೆ ಜಪಾನಿನಲ್ಲಿ ಸಿಕ್ಕ ಮನ್ನಣೆ ಇದು.

ಸೂತ್ರ 1: ಉಳಿಸುವ ಯಂತ್ರ ದೊಡ್ಡದಾದಷ್ಟೂ ಉಳಿಯುವುದು ಸಣ್ಣದು.

ವ್ಯಾಖ್ಯಾನ: ಲ್ಯಾಂಬೊರ್ಗಿನಿ ರೆವುಯೆಲ್ಟೊ 2023ರ ಕೊನೆಯಲ್ಲಿ ಭಾರತಕ್ಕೆ ಬಂದಾಗ ಅದರ ಶೋರೂಂ ಬೆಲೆ 8.89 ಕೋಟಿ ರೂಪಾಯಿ. 6.5 ಲೀಟರಿನ, ಹನ್ನೆರಡು ಸಿಲಿಂಡರಿನ ಎಂಜಿನ್. ಜೊತೆಗೆ ಮೂರು ಮೋಟಾರು. ಬರೀ ಬ್ಯಾಟರಿಯಲ್ಲಿ ಓಡುವುದು ಸುಮಾರು 10 ಕಿಲೋಮೀಟರ್. ವಿಧಾನಸೌಧದ ಎದುರಿನಿಂದ ನಿಶ್ಶಬ್ದವಾಗಿ ಹೊರಟ ಪರಿಸರಪ್ರೇಮಿ, ಯಲಹಂಕ ಮುಟ್ಟುವ ಮುಂಚೆಯೇ ಹನ್ನೆರಡು ಸಿಲಿಂಡರುಗಳನ್ನೂ ಎಬ್ಬಿಸಿರುತ್ತಾನೆ.

ಸೂತ್ರ 2: ಪುಣ್ಯಕ್ಕೆ ಉಪಕರಣ ಇದ್ದರೆ ಸಾಕು, ಬಳಸಬೇಕೆಂಬ ನಿಯಮವಿಲ್ಲ.

ವ್ಯಾಖ್ಯಾನ: ಮನೆಯಲ್ಲೇ ಪ್ಲಗ್ಗು ಚುಚ್ಚಿ ಚಾರ್ಜ್ ಮಾಡುವ ಹೈಬ್ರಿಡ್‌ಗಳು ರಸ್ತೆಯಲ್ಲಿ ಉಗುಳುವ ಇಂಗಾಲದ ಡೈಆಕ್ಸೈಡ್, ಪ್ರಯೋಗಾಲಯದ ಲೆಕ್ಕಕ್ಕಿಂತ ಸರಾಸರಿ ಮೂರೂವರೆ ಪಟ್ಟು ಎಂದು ಯುರೋಪಿಯನ್ ಕಮಿಷನ್ 2024ರಲ್ಲಿ ವರದಿ ಕೊಟ್ಟಿತು. ಮುಖ್ಯ ಕಾರಣ ಸರಳ: ಎಣಿಸಿದಷ್ಟು ಬಾರಿ ಯಾರೂ ಪ್ಲಗ್ಗು ಚುಚ್ಚುವುದಿಲ್ಲ. ಜಪಮಾಲೆ ಡಿಕ್ಕಿಯಲ್ಲಿದೆ, ಜಪ ಪೆಟ್ರೋಲ್ ಬಂಕಿನಲ್ಲಿ ನಡೆದಿದೆ.

ಸೂತ್ರ 3: ಭವಿಷ್ಯದ ಇಂಧನ ಭವಿಷ್ಯದಲ್ಲೇ ಇರತಕ್ಕದ್ದು.

ವ್ಯಾಖ್ಯಾನ: ಬಿಎಂಡಬ್ಲ್ಯು ಕಂಪನಿ 2006ರಲ್ಲಿ ಹೈಡ್ರೋಜನ್ 7 ಎಂಬ ಕಾರನ್ನು ತೋರಿಸಿ, ಸುಮಾರು ನೂರನ್ನು ಮಾಡಿ ಗಣ್ಯರ ಕೈಗಿತ್ತಿತು. ಒಂದೇ ಎಂಜಿನ್ ಪೆಟ್ರೋಲನ್ನೂ ಸುಡಬಲ್ಲದು, ಹೈಡ್ರೋಜನ್ನನ್ನೂ ಸುಡಬಲ್ಲದು. ತೊಡಕೆಂದರೆ, ದ್ರವ ಹೈಡ್ರೋಜನ್ನನ್ನು ಮೈನಸ್ 253 ಡಿಗ್ರಿಯಲ್ಲಿ ಇಡಬೇಕು. ಎಷ್ಟೇ ಹೊದಿಸಿದರೂ ಅದು ಮೆಲ್ಲಗೆ ಆವಿಯಾಗುತ್ತಲೇ ಇರುತ್ತದೆ. ಅರ್ಧ ಟ್ಯಾಂಕ್ ಖಾಲಿಯಾಗಲು ಒಂಬತ್ತೇ ದಿನ. ಎಂದರೆ ನವರಾತ್ರಿಯ ಪಾಡ್ಯಕ್ಕೆ ಅರ್ಧ ಟ್ಯಾಂಕ್ ಹೈಡ್ರೋಜನ್ ತುಂಬಿಸಿ ಶೆಡ್ಡಿನಲ್ಲಿ ನಿಲ್ಲಿಸಿದ ಕಾರು, ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣು ಇಡುವ ಹೊತ್ತಿಗೆ ನಿಂತಲ್ಲೇ ಬರಿದಾಗಿರುತ್ತದೆ. ಓಡದೆಯೂ ಇಂಧನ ಮುಗಿಸುವ ಈ ವೈರಾಗ್ಯ ಸಾಮಾನ್ಯ ವಾಹನಗಳಿಗೆ ದಕ್ಕದು.

ಶುದ್ಧಾಶುದ್ಧ ಪ್ರಕರಣ

ಯಾವ ವಾಹನ ಮಡಿ, ಯಾವುದು ಮೈಲಿಗೆ ಎಂಬ ನಿರ್ಣಯ ಈಗ ಮಠಗಳದ್ದಲ್ಲ, ಜಿಎಸ್‌ಟಿ ಮಂಡಳಿಯದು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಹೈಬ್ರಿಡ್ ಕಾರಿಗೆ ಶೇ 40. ವಿದ್ಯುತ್ ಕಾರಿಗೆ, ಅದು ರೋಲ್ಸ್ ರಾಯ್ಸ್ ಆಗಿದ್ದರೂ, ಶೇ 5. ಕರ್ನಾಟಕ ಮಾತ್ರ 25 ಲಕ್ಷ ಮೀರಿದ ವಿದ್ಯುತ್ ಕಾರಿಗೆ 2024ರಲ್ಲಿ ಶೇ 10ರಷ್ಟು ಜೀವಿತಾವಧಿ ತೆರಿಗೆ ಹಾಕಿ, ಮಡಿಗೂ ದಕ್ಷಿಣೆ ಉಂಟೆಂದು ಸಾರಿತು.

ಪೂರ್ವಪಕ್ಷ

‘ಪರ್ಯಾಯ ಇಂಧನದ ಕಾರು 2001ರಲ್ಲೇ ಬೆಂಗಳೂರಿನಲ್ಲಿ ರೇವಾ ಎಂಬ ಹೆಸರಿನಲ್ಲಿ ಓಡಾಡಿತ್ತಲ್ಲ?’ ಎಂದು ಕೆಲವರು ಆಕ್ಷೇಪಿಸುತ್ತಾರೆ. ಓಡಾಡಿತ್ತು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಮುದುಡಿ ಕೂತ ಮಕ್ಕಳು, ರಾತ್ರಿ ಮನೆಯ ಪ್ಲಗ್ಗಿನಲ್ಲೇ ಊಟ. ಲಂಡನ್ನಿನವರು ಜಿ-ವಿಜ್ ಎಂದು ಕರೆದು ಕೊಂಡರು; ನಾವು ಸಿಗ್ನಲ್ಲಿನಲ್ಲಿ ತಿರುಗಿ ನೋಡಿ ನಕ್ಕೆವು. ನಕ್ಕದ್ದು ಶಾಸ್ತ್ರಸಮ್ಮತವೇ. ಆ ಕಾರು ಇಂಧನವನ್ನು ನಿಜಕ್ಕೂ ಉಳಿಸುತ್ತಿತ್ತು, ಪ್ರತಿಷ್ಠೆಯನ್ನು ಉಳಿಸುತ್ತಿರಲಿಲ್ಲ.

ಸಿದ್ಧಾಂತ

ಹೈಬ್ರಿಡ್ಡಿನ ಮಹಿಮೆ ಹೆದ್ದಾರಿಯಲ್ಲಿ ಮಂಕು. ನಿಂತು ಹೊರಡುವ, ಹೊರಟು ನಿಲ್ಲುವ ಜಾಮಿನಲ್ಲೇ ಅದು ಬೆಳಗುವುದು. ಅಲ್ಲಿ ಎಂಜಿನ್ ಮಲಗಿರುತ್ತದೆ, ಪ್ರತಿ ಬ್ರೇಕೂ ಬ್ಯಾಟರಿಗೆ ಕಾಸು ಹಾಕುತ್ತದೆ. ಬಿಡದಿಯಲ್ಲಿ ಜೋಡಣೆಯಾದ ಲೆಕ್ಸಸ್ ಇಎಸ್ 300ಎಚ್ ತಟ್ಟೆ ಇಡ್ಲಿಯ ಊರು ಬಿಟ್ಟು ಸಿಲ್ಕ್ ಬೋರ್ಡಿನ ಜಾಮು ತಲುಪಿದಾಗಲೇ ಅದರ ಜನ್ಮ ಸಾರ್ಥಕ. ಆದ್ದರಿಂದ ಗುಂಡಿ ಮುಚ್ಚಿ, ಮೇಲ್ಸೇತುವೆ ಮುಗಿಸಿ ಎಂದು ಅರ್ಜಿ ಹಿಡಿದು ಅಲೆಯುವವರೇ ಪರಿಸರದ ನಿಜವಾದ ಶತ್ರುಗಳು.

ಅದೇ ಜಾಮಿನಲ್ಲಿ, ಪಕ್ಕದ ಸಾಲಿನಲ್ಲಿ, ಬಾಗಿಲ ತನಕ ಜನ ತುಂಬಿಕೊಂಡು, ತೊಟ್ಟು ಡೀಸೆಲ್ಲೂ ಸುಡದೆ ನಿಂತಿರುವ ಬಿಎಂಟಿಸಿಯ ವಿದ್ಯುತ್ ಬಸ್ಸು ಯಾವ ಪ್ರಕರಣಕ್ಕೆ ಸೇರುತ್ತದೆ ಎಂದು ಕೇಳಬಹುದು. ಅದನ್ನು ಮನೆ ಮುಂದೆ ನಿಲ್ಲಿಸಿ ನೆಂಟರಿಗೆ ತೋರಿಸಲಾಗುವುದಿಲ್ಲ. ಆದಕಾರಣ ಪ್ರಸ್ತುತ ಶಾಸ್ತ್ರದ ವ್ಯಾಪ್ತಿಗೆ ಬಾರದು.

ಫಲಶ್ರುತಿ

ಇದನ್ನು ಶ್ರದ್ಧೆಯಿಂದ ಓದಿದವರಿಗೆ ಕಾರು ಸಾಲ ಬೇಗ ಮಂಜೂರಾಗುವುದು. ಕಿವಿಯಾರೆ ಕೇಳಿದವರಿಗೆ ಟೆಸ್ಟ್ ಡ್ರೈವ್ ಪ್ರಾಪ್ತಿ. ಓದದೆಯೂ ಕೇಳದೆಯೂ ಬಸ್ ಪಾಸು ಮಾಡಿಸಿಕೊಂಡವರಿಗೆ ಯಾವ ಪುಣ್ಯವೂ ಇಲ್ಲ; ಇಂಧನ ಉಳಿಯುವುದಷ್ಟೇ.