ದಿಮ್ಮಿಶಾಸನ ವಾಚನ: ಕಿಬಾನಾ ಪಂಥದ ಒಂದು ಅಧ್ಯಯನ

ಲಾಗ್ ಎಂದರೆ ಮರದ ದಿಮ್ಮಿ. ಹಡಗಿನವರು ವೇಗ ಅಳೆಯಲು ಹಗ್ಗ ಕಟ್ಟಿ ಕಡಲಿಗೆ ಎಸೆಯುತ್ತಿದ್ದ ಮರದ ತುಂಡಿನ ಹೆಸರು ಅವರ ದಿನಚರಿ ಪುಸ್ತಕಕ್ಕೆ ಅಂಟಿ, ಅಲ್ಲಿಂದ ಸರ್ವರುಗಳ ದಿನಚರಿಗೂ ಬಂತು. ನಮ್ಮಲ್ಲಿದ್ದದ್ದು ಕಡತ: ಹುಣಿಸೆಬೀಜದ ಸರಿಗೆ ಇದ್ದಿಲು ಕಲಸಿ ಬಳಿದ ಬಟ್ಟೆ. ತುಂಬಿದರೆ ಅಳಿಸಿ ಮತ್ತೆ ಬರೆಯಬಹುದಿತ್ತು. ಲಿನಕ್ಸ್‌ನಲ್ಲಿ ಹಳೆಯದನ್ನು ಎತ್ತಿಹಾಕುವ ಊಳಿಗ ಲಾಗ್‌ರೊಟೇಟ್‌ನದು.

ಹಳೆಯ ಸಿಸ್‌ಲಾಗ್ ಶೈಲಿಯ ಶಾಸನಗಳಲ್ಲಿ ತಿಂಗಳು, ದಿನ, ಗಂಟೆ ಎಲ್ಲ ಇವೆ. ಇಸವಿ ಮಾತ್ರ ಇಲ್ಲ. ಹಲ್ಮಿಡಿ ಶಾಸನದಲ್ಲೂ ಇಲ್ಲ. ವಿದ್ವಾಂಸರು ಸುಮಾರು 450 ಎಂದು ನಿರ್ಣಯಿಸಿದರು. ಆದರೆ ಹಲ್ಮಿಡಿಯ ಕಾಲನಿರ್ಣಯಕ್ಕಾಗಿ ಯಾರೂ ರಾತ್ರಿ ಎರಡು ಗಂಟೆಗೆ ಫೋನ್ ಮಾಡಿ ಎಬ್ಬಿಸಿದ ದಾಖಲೆಯಿಲ್ಲ.

ಇನ್ನು ಪ್ರತಿಷ್ಠಾಪನೆ. ಲಾಗುಗಳನ್ನು ಇಟ್ಟುಕೊಂಡು ಹುಡುಕಿಕೊಡುವ ಮೂಲವಿಗ್ರಹ ಇಲಾಸ್ಟಿಕ್‌ಸರ್ಚ್, ಬಾಗಿಲು 9200. ಅವನ್ನು ಫಲಕದಲ್ಲಿ ಚಿತ್ರವಾಗಿ ತೋರಿಸುವ ಉತ್ಸವಮೂರ್ತಿ ಕಿಬಾನಾ, ಬಾಗಿಲು 5601. ಮೂಲವಿಗ್ರಹದ ಪೂರ್ವಾಶ್ರಮ ಅಡುಗೆಮನೆ. ಅಡುಗೆ ಕಲಿಯುತ್ತಿದ್ದ ಹೆಂಡತಿಗೆ ಪಾಕವಿಧಾನ ಹುಡುಕಿಕೊಡಲು ಹೊರಟ ಶೇ ಬ್ಯಾನನ್ ಕೊನೆಗೆ 2010ರಲ್ಲಿ ಇದನ್ನು ಹೊರತಂದರು. ಒಗ್ಗರಣೆ ಹುಡುಕಲು ಹೊರಟವರಿಂದ ಜಗತ್ತಿನ ಸರ್ವರುಗಳ ಸೀದ ವಾಸನೆ ಪತ್ತೆಯಾಗುವಂತಾದದ್ದು ಗಮನಾರ್ಹ. ನೈವೇದ್ಯಕ್ಕೆ ರ್‍ಯಾಮ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಇಡಬಾರದೆಂಬುದು ಆಗಮ.

ವಾಚನದಲ್ಲಿ ಕಾಲದ ತೊಡಕೇ ತೊಡಕು. ಸರ್ವರು ನಮ್ಮ ಗಡಿಯಾರ ನೋಡಿ, ವಲಯ ಹೇಳದೆ ಬರೆದ ವೇಳೆಯನ್ನು ಮೂಲವಿಗ್ರಹ ಯುಟಿಸಿ ಎಂದು ಓದಿಬಿಟ್ಟರೆ, ತೋರಿಸುವಾಗ ಬ್ರೌಸರು ಮತ್ತೆ ಐದೂವರೆ ಗಂಟೆ ಕೂಡಿಸುತ್ತದೆ. ಬೆಳಗ್ಗೆ 10ಕ್ಕೆ ಮಲಗಿದ ಸೇವೆ ಮಧ್ಯಾಹ್ನ 3.30ಕ್ಕೆ ಮಲಗಲಿದೆ ಎಂದು ಫಲಕ ಸಾರುತ್ತದೆ. ಇದನ್ನು ದೋಷ ಎನ್ನುವವರಿದ್ದಾರೆ. ಕಾಲಜ್ಞಾನ ಸಾಹಿತ್ಯದ ಮುಂದುವರಿಕೆ ಎಂದು ನಮ್ಮ ಮತ. ಆದರೆ ಕಿಬಾನಾ ತಾನಾಗಿ ತೋರಿಸುವುದು ಕಳೆದ 15 ನಿಮಿಷವನ್ನಷ್ಟೇ. ಭವಿಷ್ಯಕ್ಕೆ ಸೇರಿದ ಅನಾಹುತ ಆ ವೇಳೆ ಬರುವ ತನಕ ಭಕ್ತರ ಕಣ್ಣಿಗೆ ಬೀಳುವುದೇ ಇಲ್ಲ. ಕೆನ್ ಥಾಂಪ್ಸನ್ ಪರಂಪರೆಯ, ಗ್ರೆಪ್ ಆಜ್ಞೆಯಲ್ಲೇ ಸಾಲು ಹುಡುಕುವ ಪಂಥದವರು ಕಪ್ಪು ಪರದೆಯ ಮುಂದೆ ಕೂತು ನಗುತ್ತಾರೆ. ಅವರಿಗೆ ವರ್ಣಚಿತ್ರದ ಯೋಗವಿಲ್ಲವೆಂದು ನಾವು ಕ್ಷಮಿಸಿದ್ದೇವೆ.

ಪ್ರಬಂಧಕಾರನ ಪ್ರಯೋಗಶಾಲೆಯಲ್ಲಿ ಹಳೆಯ ಶಾಸನಗಳನ್ನು ಅಳಿಸುವ ಅಪಚಾರ ನಡೆಯಲಿಲ್ಲ. ಡಿಸ್ಕ್ ಶೇ. 95 ದಾಟಿತು, ವಿಧಿಯಂತೆ ಮೂಲವಿಗ್ರಹ ಹೊಸ ಬರಹಕ್ಕೆ ಬಾಗಿಲು ಹಾಕಿತು. ಡಿಸ್ಕ್ ತುಂಬಿದೆ ಎಂಬ ಸುದ್ದಿಯೂ ಹೊರಗೇ ಉಳಿಯಿತು. ಮರುದಿನ ಫಲಕದಲ್ಲಿ ದೋಷಗಳ ಸಂಖ್ಯೆ ಸೊನ್ನೆ. ಮ್ಯಾನೇಜರು ಬಂದು ನೋಡಿ, ಬೆನ್ನು ತಟ್ಟಿ, ಇನ್ನೂ ನಾಲ್ಕು ಸರ್ವರುಗಳಿಗೆ ಇದನ್ನೇ ಹಾಕಿ ಎಂದು ಹೇಳಿ ಹೋದರು.