ಕಣ್ಣಿನ ಪೊರೆ

(ವಾಷಿಂಗ್ಟನ್, 2025ರ ಆಗಸ್ಟ್. ವಿದೇಶಾಂಗ ಇಲಾಖೆಯಲ್ಲಿ ಮಾನವ ಹಕ್ಕುಗಳ ವಾರ್ಷಿಕ ವರದಿಗೆ ಕತ್ತರಿ ಪ್ರಯೋಗ.)

ಕಿರಿಯ: ಸಾರ್, ಎಲ್ ಸಾಲ್ವಡಾರ್‌ನಲ್ಲಿ 2022ರಿಂದ ತುರ್ತು ಪರಿಸ್ಥಿತಿ. 80,000ಕ್ಕೂ ಹೆಚ್ಚು ಜನರ ಬಂಧನವಾಗಿದೆ.

ಹಿರಿಯ: ಒಳಗಿದ್ದವರ ಕೂಗು ಹೊರಗೆ ಕೇಳುತ್ತೇನಯ್ಯಾ? ‘ನಂಬಲರ್ಹ ದೂರುಗಳಿಲ್ಲ’ ಅಂತ ಬರಿ.

ಕಿರಿಯ: ಹೋದ ವರ್ಷ ನಾವೇ ಚಿತ್ರಹಿಂಸೆ ಅಂತ ಬರೆದಿದ್ವಲ್ಲ!

ಹಿರಿಯ: ಆಗ ಕಣ್ಣು ಚುರುಕಾಗಿತ್ತು. ಈಗ ಪೊರೆ ಬಂದಿದೆ, ಆಪರೇಷನ್‌ಗೆ ಅನುದಾನವಿಲ್ಲ.

ಕಿರಿಯ: ಅಲ್ಲಿನ ಅಧ್ಯಕ್ಷ ಬುಕೆಲೆ ಎಷ್ಟು ಸಲ ಬೇಕಾದರೂ ಚುನಾವಣೆಗೆ ನಿಲ್ಲಬಹುದಂತೆ. ಜುಲೈ 31ಕ್ಕೆ ಸಂವಿಧಾನವನ್ನೇ ತಿದ್ದಿಬಿಟ್ಟರು.

ಹಿರಿಯ: ಪರದೇಶದ ಚುನಾವಣೆ ಬಗ್ಗೆ ತುಟಿ ಬಿಚ್ಚಬೇಡಿ ಅಂತ ನಮ್ಮ ಸುತ್ತೋಲೆ ಬಂದದ್ದೂ ಜುಲೈನಲ್ಲೇ. ಎಂಥ ಕಾಕತಾಳೀಯ!

(ಆಗಸ್ಟ್ 12ಕ್ಕೆ ವರದಿ ಹೊರಬಿತ್ತು. ಎಲ್ ಸಾಲ್ವಡಾರ್‌ನ ಮಾನವ ಹಕ್ಕುಗಳ ಸಂಘಟನೆ ಕ್ರಿಸ್ಟೋಸಾಲ್ ಅಷ್ಟರಲ್ಲಾಗಲೇ ದೇಶ ಬಿಟ್ಟಿತ್ತು.)