ಸಿಂಹಗರ್ಜನ ಮೀಮಾಂಸೆ

ನಾಟಕದ ಸಿಂಹ ಎಷ್ಟು ಜೋರಾಗಿ ಗರ್ಜಿಸಬಹುದು? ಅಲಂಕಾರಶಾಸ್ತ್ರಜ್ಞರು ತಲೆಕೆಡಿಸಿಕೊಳ್ಳದ ಈ ಗಹನ ಪ್ರಶ್ನೆಯನ್ನು ಆರು ಜನ ಕಸುಬುದಾರರು ಕೂತು ಇತ್ಯರ್ಥ ಮಾಡಿದ್ದಾರೆ. 1600ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ಇದಕ್ಕೆ ಮೂಲಗ್ರಂಥ; ಅದರೊಳಗೆ ಈ ಆರು ಜನ ಡ್ಯೂಕನ ಮುಂದೆ ಆಡಲು ಒಂದು ನಾಟಕ ಕಟ್ಟುತ್ತಾರೆ. ಬಡಗಿ ಕ್ವಿನ್ಸ್ ನಾಟಕದ ಮೇಷ್ಟ್ರು, ನೇಕಾರ ಬಾಟಮ್ ನಾಯಕ, ತಿದಿ ರಿಪೇರಿಯ ಫ್ಲೂಟ್ ಗಡ್ಡ ಮೂಡುತ್ತಿದ್ದರೂ ನಾಯಕಿ, ಮರಗೆಲಸದ ಸ್ನಗ್ ಸಿಂಹ. ಪಾಪ, ಸ್ನಗ್‌ಗೆ ಬಾಯಿಪಾಠ ನಿಧಾನ. ಸಿಂಹದ ಮಾತು ಬರೆದಿದ್ದರೆ ಈಗಲೇ ಕೊಡಿ ಎನ್ನುತ್ತಾನೆ. ಬರೀ ಗರ್ಜನೆಯಪ್ಪಾ, ಹಾಗೇ ಮಾಡಬಹುದು ಎಂದು ಮೇಷ್ಟ್ರ ಸಮಾಧಾನ.

ಪೂರ್ವಪಕ್ಷ ಬಾಟಮ್‌ನದು. ನಾಯಕನ ಪಾತ್ರ ಸಿಕ್ಕಿದ್ದೂ ಸಾಲದೆ ಸಿಂಹವೂ ಅವನಿಗೇ ಬೇಕು. ಡ್ಯೂಕ್ ಮಹಾಶಯ ‘ವನ್ಸ್ ಮೋರ್’ ಅನ್ನುವ ಹಾಗೆ ಗರ್ಜಿಸುತ್ತಾನಂತೆ. ಕ್ವಿನ್ಸ್‌ನ ಆಕ್ಷೇಪ: ಅರಮನೆಯ ಹೆಂಗಸರು ಬೆಚ್ಚಿ ಚೀರಿದರೆ ತಂಡಕ್ಕೆಲ್ಲ ನೇಣು. ಹಾಗಿದ್ದರೆ ಪಾರಿವಾಳದ ದನಿಯಲ್ಲಿ ಗರ್ಜಿಸುತ್ತೇನೆ ಎಂದು ಬಾಟಮ್ ರಾಜಿಗೆ ಬರುತ್ತಾನೆ. ಕೊನೆಗೆ ನಿಂತ ಸಿದ್ಧಾಂತವಿದು: ಸಿಂಹದ ಕತ್ತಿನಲ್ಲಿ ನಟನ ಅರ್ಧ ಮುಖ ಕಾಣಬೇಕು, ತಾನು ಮರಗೆಲಸದ ಸ್ನಗ್ ಎಂದು ಅರಿಕೆ ಮಾಡಿಕೊಳ್ಳಬೇಕು, ಆಮೇಲೆ ಗರ್ಜನೆ. ಭಯಾನಕ ರಸಕ್ಕೆ ಇಷ್ಟು ವಿನಯ ಕಲಿಸಿದ ಶಾಸ್ತ್ರ ಇನ್ನೊಂದಿರಲಾರದು.

ಇದೆಲ್ಲ ಕವಿಯ ಕುಚೋದ್ಯ ಎನ್ನುವವರು 1594ರ ಸ್ಕಾಟ್ಲೆಂಡಿನ ಕಡೆ ನೋಡಲಿ. ರಾಜಕುಮಾರ ಹೆನ್ರಿಯ ದೀಕ್ಷಾಸ್ನಾನದ ಔತಣದಲ್ಲಿ ರಥ ಎಳೆಯಲು ನಿಜವಾದ ಸಿಂಹವನ್ನೇ ಗೊತ್ತುಮಾಡಿದ್ದರು. ಹತ್ತಿರ ಕೂತವರು ಹೆದರಿಯಾರೆಂದು ಅದನ್ನು ಬಿಟ್ಟು ಮನುಷ್ಯನಿಂದ ಎಳೆಸಿದರು. ಕ್ವಿನ್ಸ್ ಮೇಷ್ಟ್ರ ಪಕ್ಷಕ್ಕೆ ಇದಕ್ಕಿಂತ ಪ್ರಮಾಣ ಬೇಕೆ?

ಕಸುಬುದಾರರಿಗೆ ರಂಗ ಹೊಸದೂ ಅಲ್ಲ. ಇಂಗ್ಲೆಂಡಿನ ಕಾವೆಂಟ್ರಿ ಊರಿನ ಕಮ್ಮಾರರ ಸಂಘ ಬೈಬಲ್ ನಾಟಕ ಆಡಿಸಿ ಲೆಕ್ಕ ಬರೆದಿಟ್ಟಿತ್ತು. 1490ರ ಪುಟದಲ್ಲಿ ದೇವರ ಪಾತ್ರಧಾರಿಗೆ 2 ಷಿಲಿಂಗ್, ಏಸುವಿಗೆ ಮರಣದಂಡನೆ ಕೊಟ್ಟ ಪಿಲಾತನಿಗೆ 4. ಮುಂದೆ ಫಾಸ್ಟನ್ ಎಂಬುವನಿಗೆ ಏಸುವನ್ನು ಹಿಡಿದುಕೊಟ್ಟ ಯೂದನನ್ನು ನೇಣಿಗೇರಿಸಿದ್ದಕ್ಕೆ 4 ಪೆನ್ಸ್, ಕೋಳಿ ಕೂಗಿದ್ದಕ್ಕೂ 4 ಪೆನ್ಸ್. ಕೂಗಿಗೂ ಕೊಲೆಗೂ ಒಂದೇ ದರವೇಕೆ ಎಂಬುದರ ಮೇಲೆ ಪಿಎಚ್.ಡಿ. ಆಗಬೇಕಿದೆ. 1575ರಲ್ಲಿ ಅದೇ ಊರಿನವರು, ಕಲ್ಲುಕೆಲಸದ ಕ್ಯಾಪ್ಟನ್ ಕಾಕ್ಸ್‌ನ ಮುಂದಾಳತ್ವದಲ್ಲಿ, ಕೆನಿಲ್‌ವರ್ತ್ ಕೋಟೆಯಲ್ಲಿ ಎಲಿಜಬೆತ್ ರಾಣಿಯ ಮುಂದೆ ಯುದ್ಧದ ಆಟ ಆಡಿದರು. ರಾಣಿಗೆ ಮೊದಲ ಸಲ ಸರಿಯಾಗಿ ನೋಡಲಾಗಲಿಲ್ಲ. ಇನ್ನೊಮ್ಮೆ ಆಡಿಸಿ ನಕ್ಕಳು, ಎರಡು ಜಿಂಕೆಯನ್ನೂ ಹಣವನ್ನೂ ಕೊಟ್ಟು ಕಳಿಸಿದಳು.

ಉಳಿದದ್ದು ವಂಶಾವಳಿ. ಷೇಕ್ಸ್‌ಪಿಯರನ ತಂದೆ ಕೈಗವಸು ಹೊಲಿಯುವವನು. ಷೇಕ್ಸ್‌ಪಿಯರನ ತಂಡದ ಮುಖ್ಯ ನಟ ರಿಚರ್ಡ್ ಬರ್ಬೇಜ್‌ನ ತಂದೆ ಜೇಮ್ಸ್, 1576ರಲ್ಲಿ ಲಂಡನ್ನಿನಲ್ಲಿ ‘ದ ಥಿಯೇಟರ್’ ಕಟ್ಟಿಸಿದವನು, ಕಸುಬಿನಿಂದ ಸ್ನಗ್‌ನ ಜೊತೆಗಾರನೇ: ಮರಗೆಲಸದವ.